ಅಜ್ಜನ ಬ್ರನೋ, ಮೂರು ಮೌಂಟ್

ಅಜ್ಜನ ಪಾಯಿಂಟ್ 22 ಕೋವಿ, ಬ್ರನೋ ಮಾಡೆಲ್ 2, ಹತ್ತು ವರ್ಷ ಬೀರುವಿನಲ್ಲೇ ಇತ್ತು. ಕೊಡಗಿನ ಮಳೆಗಾಲ ಗೊತ್ತಲ್ವಾ? ಬೆಲ್ಟಿಗೆ ಬೂಷ್ಟು, ನಳಿಗೆಗೆ ತುಕ್ಕು. ಕಾಗದಪತ್ರ ನನ್ನ ಹೆಸರಿಗೆ ಆದ ಮೇಲೆ ಅದನ್ನು ಸರಿ ಮಾಡಲು ಕೂತೆ.

ತುಕ್ಕಿಗೆ ವಿನೆಗರ್ ಒಳ್ಳೆಯದು ಅಂತ ಯಾರೋ ಹೇಳಿದ್ದರು. ಪುಣ್ಯಕ್ಕೆ ಮೊದಲು ಒಂದು ಸ್ಕ್ರೂ ಮಾತ್ರ ಅದ್ದಿ ನೋಡಿದೆ. ತುಕ್ಕಿನ ಜೊತೆ ಕಪ್ಪು ಬಣ್ಣವೂ ಹೋಗಿ ಬೋಳು ಕಬ್ಬಿಣ ಉಳಿಯಿತು. ನಳಿಗೆಗೆ ತೀರಾ ನಯವಾದ ಸ್ಟೀಲ್ ವೂಲ್ ಮತ್ತು ಎಣ್ಣೆಯೇ ಸರಿ. ನಿಧಾನ, ಆದರೆ ಬಣ್ಣ ಉಳಿಯುತ್ತದೆ. ತೋಟಾವನ್ನು ನಳಿಗೆಯೊಳಗೆ ತಳ್ಳುವ ಬೋಲ್ಟ್ ಮಾತ್ರ ಅಲ್ಲಾಡಲೇ ಇಲ್ಲ. ಅಜ್ಜ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು, ಅದು ಹಳತಾಗಿ ಹಲಸಿನ ಮೇಣದ ಹಾಗೆ ಹಿಡಿದಿತ್ತು. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿದ ಮೇಲೆ ಬಿಟ್ಟಿತು.

ತಲೆನೋವು ಶುರುವಾಗಿದ್ದು ಸ್ಕೋಪ್ ಮೌಂಟಿನಿಂದ, ಅಂದರೆ ಗುರಿ ನೋಡುವ ದುರ್ಬೀನನ್ನು ಕೋವಿಗೆ ಕೂರಿಸುವ ಹಿಡಿಕೆಯಿಂದ. ಈ ಕೋವಿಯ ಮೇಲೆ ಮೌಂಟ್ ಕಚ್ಚಿಕೊಳ್ಳಲು 11 ಮಿಲಿಮೀಟರ್ ಡವ್‌ಟೇಲ್ ಪಟ್ಟಿ ಮೊದಲೇ ಇದೆ, ಹಾಗಾಗಿ ತೂತು ಕೊರೆಸುವ ಕೆಲಸವಿಲ್ಲ.

ಮೊದಲು ತಂದಿದ್ದು ಏರ್‌ಗನ್ನಿಗೆ ಮಾರುವ ಅಗ್ಗದ ಅಲ್ಯೂಮಿನಿಯಂ ರಿಂಗ್ ಜೋಡಿ. ಬೆಳಕಿಗೆ ಹಿಡಿದರೆ ರಿಂಗಿನ ಹಲ್ಲು ಪಟ್ಟಿಯ ಅಂಚಿನಲ್ಲಿ ಮಾತ್ರ ಕಚ್ಚಿರುವುದು ಕಾಣುತ್ತಿತ್ತು. ರಿಂಗಿನ ಮುಂದೆ ಪೆನ್ಸಿಲ್ ಗೆರೆ ಎಳೆದಿಟ್ಟೆ. ಜೀಪಿನಲ್ಲಿ ತೋಟದ ದಾರಿ ಮುಗಿಸಿ ಬರುವಷ್ಟರಲ್ಲಿ ಗೆರೆಗೂ ರಿಂಗಿಗೂ ನಡುವೆ ಉಗುರಿನಷ್ಟು ಸಂದು!

ಎರಡನೆಯದು ಒಂದೇ ತುಂಡಿನ ಮೌಂಟ್. ಹಿಡಿತದಲ್ಲಿ ತಪ್ಪಿಲ್ಲ, ಮೂರರಲ್ಲಿ ಇದೇ ಗಟ್ಟಿ. ಆದರೆ ಎರಡು ರಿಂಗನ್ನು ಸೇರಿಸುವ ಅದರ ಸೇತುವೆ ಸರಿಯಾಗಿ ಖಾಲಿ ತೋಟಾ ಹೊರಬೀಳುವ ಬಾಯಿಯ ಮೇಲೆ ಬರುತ್ತದೆ. ಮ್ಯಾಗಜೀನ್ ಬಿಟ್ಟು ಒಂದೊಂದೇ ತೋಟಾ ಹಾಕೋಣವೆಂದರೆ ಬೆರಳೇ ಹೋಗಲ್ಲ. ಪಾಯಿಂಟ್ 22ರ ಒದೆತವೇ ಕಡಿಮೆ, ಅದಕ್ಕೆ ಇಷ್ಟು ಗಟ್ಟಿ ಯಾಕೆ?

ಕೊನೆಗೆ ನಿಂತಿದ್ದು ಮಧ್ಯಮ ಎತ್ತರದ ಉಕ್ಕಿನ ರಿಂಗ್ ಜೋಡಿ. ದುಡ್ಡು ಜಾಸ್ತಿಯೇ. ಗಿಡ್ಡ ರಿಂಗ್ ಹಾಕಿದರೆ ಬೋಲ್ಟ್ ಎತ್ತುವಾಗ ಹಿಡಿ ಸ್ಕೋಪಿಗೆ ತಾಗುತ್ತದೆ. ತುಂಬಾ ಎತ್ತರವಾದರೆ ಕೆನ್ನೆ ಮರದ ಮೇಲೆ ಕೂರಲ್ಲ, ಗದ್ದ ಊರಿ ನೋಡಬೇಕು. ಹಳೇ ಕೋವಿಯ ಮರ ಸ್ಕೋಪಿಲ್ಲದೆ ಬರಿಗಣ್ಣಿನಲ್ಲಿ ಗುರಿ ನೋಡಲೆಂದು ತಗ್ಗಾಗಿ ಮಾಡಿದ್ದು. ಸ್ಕೋಪಿನ ಮುಂದಿನ ಗಾಜು ದೊಡ್ಡದಾದರೆ ನಳಿಗೆಯ ಮೇಲಿರುವ ಹಿಂದಿನ ಗುರಿಪಟ್ಟಿಗೂ ಬಡಿಯುತ್ತದೆ. ಹಾಗಾಗಿ 32 ಮಿಲಿಮೀಟರಿನದ್ದನ್ನೇ ತೆಗೆದುಕೊಂಡೆ.

ಕೂರಿಸುವ ಕೆಲಸ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರವೇ ಮಾಡಿಸಿದೆ. 25 ಮೀಟರಿನಲ್ಲಿ ಐದು ಗುಂಡು ಒಂದು ರೂಪಾಯಿ ನಾಣ್ಯದೊಳಗೆ ಬಿದ್ದವು.

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ತೋಕ್ ಪೂ, ಅಂದರೆ ಕೋವಿ ಹೂ ಸಿಕ್ಕಿಸಲು ಕೋವಿ ತಂದಿಟ್ಟಾಗ ಚಿಕ್ಕಪ್ಪ ನೋಡಿ, "ಏನೋ, ಕೋವಿಗೂ ಕನ್ನಡಕ ಹಾಕ್ಸಿದ್ಯಾ?" ಅಂದರು. ಪೂಜೆಗೆ ಸ್ಕೋಪ್ ಬಿಚ್ಚಿಟ್ಟೆ. ಸಂಜೆ ಪೆನ್ಸಿಲ್ ಗುರುತಿನ ಗೆರೆ ನೋಡಿ ಮತ್ತೆ ಕೂರಿಸಿದರೆ ಗುಂಡು ಒಂದು ಬೆರಳು ಎಡಕ್ಕೆ ಹೋಯಿತು. ಹಬ್ಬದಲ್ಲಿ ಗುರಿಯಿಟ್ಟು ಹೊಡೆಯುವ ತೆಂಗಿನಕಾಯಿಗೇನೋ ಅದು ಸಾಕಾಯಿತು.