20 ಮೀಟರ್ ಸರ್ಕಲ್: ಲಗಾಮು, ಕಾಲು, ನಾಲ್ಕು ಕೋನ್

ಬಾದಲ್ ರೇಸ್ ಬಿಟ್ಟು ಬಂದ ಥರೋಬ್ರೆಡ್ (ಓಟದ ತಳಿ) ಕುದುರೆ. ನೇರ ಓಡು ಅಂದರೆ ಅವನಿಗೆ ಖುಷಿ, 20 ಮೀಟರ್ ವ್ಯಾಸದ ಸರ್ಕಲ್ ಅಂದರೆ ತಲೆನೋವು. ಎಡಕ್ಕೆ ತಿರುಗಿದರೆ ಕತ್ತು ಬೇಕಾದ್ದಕ್ಕಿಂತ ಜಾಸ್ತಿ ಬಾಗುತ್ತದೆ, ಮೈ ಮಾತ್ರ ಬಲ ಭುಜದ ಕಡೆಯಿಂದ ಹೊರಗೆ ಜಾರುತ್ತದೆ. ಬಲಕ್ಕೆ ತಿರುಗಿದರೆ ಕತ್ತು ಮರದ ತೊಲೆ. ಅದೇ ಬಲ ಭುಜಕ್ಕೆ ಭಾರ ಕೊಟ್ಟು ಒಳಗೆ ಬೀಳುತ್ತಾನೆ. ನಮಗೆ ಎಡಗೈ, ಬಲಗೈ ಇದ್ದ ಹಾಗೆ ಕುದುರೆಗೂ ಒಂದು ಕಡೆ ಸಲೀಸು, ಇನ್ನೊಂದು ಕಡೆ ಬಿಗಿ. ನಾಲ್ಕು ತಿಂಗಳು ಅವನ ಮೇಲೆ ಬೇರೆ ಬೇರೆ ದಾರಿ ನೋಡಿದೆ.

ಮೊದಲನೆಯದು ಎಲ್ಲರೂ ಮಾಡುವುದೇ: ಒಳಗಿನ, ಅಂದರೆ ಸುತ್ತಿನ ನಡುವಿನ ಕಡೆಯ, ಲಗಾಮು ಎಳೆಯುವುದು. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ತಲೆ ನನ್ನ ಬೂಟಿನ ಹತ್ತಿರ ಬಂತು, ಮೈ ಬೇಲಿ ಕಡೆ ಹೋಯಿತು. ಸರ್ಕಲ್ ಹೋಗಿ ಮೊಟ್ಟೆಯಾಯಿತು.

ಎರಡನೆಯದು ಮೇಷ್ಟ್ರು ದಿನಾ ಕೂಗುವ ಪಾಠ: ಒಳಗಾಲಿನಿಂದ ಹೊರ ಲಗಾಮಿಗೆ. ಒಳಗಾಲು ಪಕ್ಕೆಯನ್ನು ಹೊರಗೆ ತಳ್ಳಬೇಕು, ಹೊರಗಿನ ಲಗಾಮು ಭುಜ ಜಾರದಂತೆ ತಡೆಯಬೇಕು. ಎಡ ಸುತ್ತಿನಲ್ಲಿ ಇದು ಒಂದೇ ವಾರದಲ್ಲಿ ಫಲ ಕೊಟ್ಟಿತು. ಬಲ ಸುತ್ತಿನಲ್ಲಿ ಕೊಡಲಿಲ್ಲ. ನಾನು ಒತ್ತಿದಷ್ಟೂ ಅವನು ನನ್ನ ಕಾಲಿಗೇ ಒರಗಿದ. ಟ್ರಾಟಿನಲ್ಲಿ, ಅಂದರೆ ಕುದುರೆಯ ಕುಲುಕು ಓಟದಲ್ಲಿ, ತಾಳಕ್ಕೆ ಎದ್ದು ಕೂರುವಾಗ, ಕೂತ ಕ್ಷಣಕ್ಕೆ ಮಾತ್ರ ಕಾಲು ಕೊಟ್ಟು ನೋಡಿದೆ. ಸರಿಯಾದ ಡಯಾಗನಲ್‌ನಲ್ಲಿದ್ದರೆ, ಅಂದರೆ ಹೊರಗಿನ ಮುಂಗಾಲು ಮುಂದೆ ಹೋಗುವಾಗ ಎದ್ದು ಅದು ನೆಲ ಮುಟ್ಟಿದಾಗ ಕೂತರೆ, ಆಗ ಒಳಗಿನ ಹಿಂಗಾಲು ನೆಲದ ಮೇಲಿರುತ್ತದೆ, ಇನ್ನೇನು ಏಳಬೇಕು. ಸ್ವಲ್ಪ ಸುಧಾರಿಸಿತು. ಆದರೆ ಕೈ, ಕಾಲು, ಸಮಯ ಎಲ್ಲ ಒಟ್ಟಿಗೆ ಲೆಕ್ಕ ಹಾಕುತ್ತಾ ಕೂತರೆ ಸವಾರಿ ಯಾವಾಗ ಮಾಡೋದು?

ಮೂರನೆಯದು ಕೋನ್. ಸರ್ಕಲ್‌ನ ನಾಲ್ಕು ಬಿಂದುಗಳಲ್ಲಿ ಒಂದೊಂದು ಕೋನ್ ಇಟ್ಟು, ಬಾಗು ಮರೆತು, ಕೋನ್‌ನಿಂದ ಕೋನ್‌ಗೆ ನೇರ ಹೋಗುವುದು. ಅಂದರೆ ಸುತ್ತಿನೊಳಗೆ ಒಂದು ಚೌಕ. ಒಂದೊಂದು ಬದಿ ಸುಮಾರು 14 ಮೀಟರ್. ಕೋನ್ ಬಂದಾಗ ತಲೆ ಎಳೆಯದೆ, ಎರಡೂ ಲಗಾಮು ಜೊತೆಯಾಗಿ ಹಿಡಿದು ಮುಂಭುಜಗಳನ್ನೇ ಪಕ್ಕಕ್ಕೆ ಸರಿಸಬೇಕು. ನಾಲ್ಕು ಹೆಜ್ಜೆ ನೇರ ಸಿಕ್ಕರೆ ಸಾಕು, ಅವನು ತಾನೇ ತೂಕ ಸರಿಮಾಡಿಕೊಳ್ಳುತ್ತಾನೆ. ಮೂರನೇ ದಿನ ಬಲ ಸುತ್ತಿನಲ್ಲೂ ಕತ್ತು ಮೆತ್ತಗಾಯಿತು. ಆಮೇಲೆ ಚೌಕದ ಮೂಲೆ ಸವರುತ್ತಾ ಹೋದರೆ ಅದೇ ಸರ್ಕಲ್! ತಿರುಗಬೇಕಾದ್ದು ಮೂತಿ ಅಲ್ಲ, ಭುಜ ಅಂತ ಮೇಷ್ಟ್ರು ವರ್ಷದಿಂದ ಹೇಳಿದ್ದರು. ನನ್ನ ಕೈಗೆ ಅದು ತಿಳಿದದ್ದು ಇಲ್ಲಿ. ನನ್ನ ಓಟು ಇದಕ್ಕೇ.

ಶೋಲ್ಡರ್-ಫೋರ್ ಕೂಡ ನೋಡಿದೆ. ಕುದುರೆಯ ಸೊಂಟ ಭುಜಕ್ಕಿಂತ ಅಗಲ. ಹಾಗಾಗಿ ಬೇಲಿ ಪಕ್ಕ ಹೋಗುವಾಗ ಭುಜವನ್ನು ಒಂಚೂರು ಒಳಗೆ ತಂದರೇನೇ ಮುಂದು-ಹಿಂದು ಒಂದು ಗೆರೆಗೆ ಬರುತ್ತದೆ. ಇದರ ದೊಡ್ಡಣ್ಣ, ಭುಜವನ್ನು ಇನ್ನೂ ಜಾಸ್ತಿ ಒಳಗೆ ತರುವ ಶೋಲ್ಡರ್-ಇನ್. ಅದನ್ನು ಫ್ರಾನ್ಸಿನ ಸವಾರಿ ಗುರು ಗೆರಿನಿಯೇರ್ 18ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ನಡಿಗೆಯಲ್ಲಿ ಸೊಗಸಾಗಿ ಬಂತು. ಟ್ರಾಟಿಗೆ ಹೋದರೆ ನಾನೇ ಜೀನಿನಿಂದ ಜಾರುತ್ತಿದ್ದೆ. ಕಲಿತ ಕೈಗಳಿಗೆ ಇದೇ ಒಳ್ಳೆಯದಿರಬಹುದು, ನನಗೆ ಇನ್ನೂ ಬೇಗ.

ಒಂದು ಮುಜುಗರದ ಮಾತು. ಗೆಳೆಯ ಹಿಂದಿನಿಂದ ಫೋನಲ್ಲಿ ವಿಡಿಯೋ ಹಿಡಿದ. ಬಲ ಸುತ್ತಿನಲ್ಲಿ ನಾನು ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡವನ ಹಾಗೆ ಒಂದು ಕಡೆ ಕುಸಿದು ಕೂತಿದ್ದೆ. ಬಾದಲ್ ಒಳಗೆ ಬೀಳುವುದರಲ್ಲಿ ನನ್ನ ಪಾಲೂ ಇತ್ತು ಅಲ್ವಾ. ಅಲ್ಲಿಂದ ಪ್ರತಿ ಕೋನ್ ಹತ್ತಿರ ಮುಂದಿನ ಕೋನ್ ಕಡೆಗೇ ಕಣ್ಣು, ಎರಡೂ ರಿಕಾಬಿಗೆ ಸಮ ಭಾರ ಅಂತ ನೆನಪಿಸಿಕೊಳ್ಳುತ್ತೇನೆ.

ನಿನ್ನೆ ಮರಳು ಹರವಿಸಿ ಎರಡೂ ಕಡೆ ಒಂದೊಂದು ಸುತ್ತು ಹಾಕಿ, ಇಳಿದು ಗೊರಸಿನ ಗುರುತು ನೋಡಿದೆ. ಎಡ ಸುತ್ತಿನಲ್ಲಿ ಹಿಂಗಾಲು ಮುಂಗಾಲಿನ ಗೆರೆಯಲ್ಲೇ ಬಿದ್ದಿತ್ತು. ಬಲದಲ್ಲಿ ಇನ್ನೂ ಎರಡು ಬೆರಳು ಆಚೆ.