ಗುಡ್ಡೆ ಓಟಕ್ಕೆ ಫಿಲ್ಟರ್ ಬಾಟ್ಲಿ: ಕಾಸರಗೋಡಿನ ನೀರಿಗೆ ಎಷ್ಟು ಸರಿ?

ಹಿಂಡಿ ಕುಡಿಯುವ ಫಿಲ್ಟರುಗಳ ಪೈಕಿ ಗುಡ್ಡೆ ಓಡುವವರಲ್ಲಿ ಹೆಸರು ಮಾಡಿದವು ಎರಡು: ಕ್ಯಾಟಡಿನ್ ಬಿಫ್ರೀ ಮತ್ತು ಸಾಯರ್ ಸ್ಕ್ವೀಜ್. ಎರಡರ ಹೊಟ್ಟೆಯಲ್ಲೂ ಇರುವುದು ಟೊಳ್ಳು ನೂಲಿನ ಕಟ್ಟೇ. ನೂಲಿನ ಗೋಡೆಯ ತೂತು 0.1 ಮೈಕ್ರಾನ್. ಪೊಸಡಿಗುಂಪೆ, ರಾಣಿಪುರಂ ಕಡೆ ಓಡುವವರು ಕೊಳ್ಳಬಹುದೇ ಅಂದರೆ, ಕೊಳ್ಳಬಹುದು. ಆದರೆ ಯಾವ ನೀರಿನ ಹತ್ತಿರ ಹೋಗಬಾರದು ಎಂಬ ಲೆಕ್ಕ ಮೊದಲು ತಲೆಯಲ್ಲಿರಬೇಕು. ಆ ಲೆಕ್ಕವನ್ನು ಫಿಲ್ಟರ್ ಮಾಡಿಕೊಡುವುದಿಲ್ಲ.

ಓಟಕ್ಕೆ ಬಿಫ್ರೀ ಹೆಚ್ಚು ಒಗ್ಗುತ್ತದೆ. 0.6 ಲೀಟರಿನ ಮೆತ್ತನೆಯ ಚೀಲ ಸೇರಿ 60 ಗ್ರಾಮಿನ ಆಸುಪಾಸು ತೂಕ, ಬಾಯಿ 42 ಮಿಲಿಮೀಟರ್ ಅಗಲ, ಓಡುತ್ತಲೇ ಎದೆಪಟ್ಟಿಯಿಂದ ತೆಗೆದು ಹೀರಬಹುದು. ಸಾಯರಿನ ಬಾಯಿ 28 ಮಿಲಿಮೀಟರ್. ಚೀಲ ಹರಿದರೂ ಪೇಟೆಯಲ್ಲಿ ಸಿಗುವ ಸೋಡಾ ಬಾಟ್ಲಿಗೆ ತಿರುಗಿಸಿ ಕೂರಿಸಬಹುದು ಎಂಬುದೇ ಇದರ ದೊಡ್ಡ ಗುಣ. ಗಿಡ್ಡ ಕುತ್ತಿಗೆಯ ತೆಳು ನೀರಿನ ಬಾಟ್ಲಿಗಳು ಎಲ್ಲವೂ ಸರಿಯಾಗಿ ಕಚ್ಚುವುದಿಲ್ಲ, ಮನೆಯಲ್ಲೇ ತಿರುಗಿಸಿ ನೋಡಿಕೊಳ್ಳಿ. ಬಾಟ್ಲಿ ಬಿಚ್ಚುವಾಗ ಒಳಗಿನ ರಬ್ಬರ್ ವಾಷರ್ ಅಂಟಿಕೊಂಡು ಬಂದು ಹುಲ್ಲಿಗೆ ಬೀಳುವುದುಂಟು. ವಾಷರ್ ಹೋದರೆ ಸೋಸದ ನೀರು ತಿರುಪಿನ ಸುತ್ತ ಜಿನುಗಿ ನೇರ ಕುಡಿಯುವ ತುದಿಗೇ ಇಳಿಯುತ್ತದೆ. ಎರಡು ವಾಷರ್ ಹೆಚ್ಚಿಗೆ ಇಟ್ಟುಕೊಳ್ಳುವುದು ಭಾರವೇನಲ್ಲ.

ಅಂಗಡಿಯವರು ಹೇಳದ ತೊಂದರೆ ನೀರು ತುಂಬಿಸುವುದರಲ್ಲಿದೆ. ಡಿಸೆಂಬರ್ ಕಳೆದ ಮೇಲೆ ಗುಡ್ಡೆಯ ತೋಡಿನಲ್ಲಿ ನೀರು ಎರಡು ಬೆರಳು ಆಳ. ಮೆತ್ತನೆಯ ಚೀಲ ಅಲ್ಲಿ ಬಾಯಿ ಬಿಡುವುದಿಲ್ಲ, ಒತ್ತಿದರೆ ಅಡಿಯ ಕೆಸರು ಎದ್ದು ಬರುತ್ತದೆ. ತೋಡಿನ ಬದಿಯ ಉಪ್ಪಳಿಗೆ ಮರದ ಅಗಲ ಎಲೆಯೊಂದನ್ನು ಕೊಯ್ದು, ಮಡಚಿ, ಕಲ್ಲಿನ ಸಂದಿಗೆ ಸಿಕ್ಕಿಸಿ ಮೇಲೆ ಒಂದು ಕಲ್ಲಿಡಿ. ಎಲೆಯ ತುದಿಯಿಂದ ಪುಟ್ಟ ದಂಬೆಯ (ಸೀಳಿದ ಅಡಿಕೆ ಮರದ ನೀರುದೋಣಿ) ಹಾಗೆ ನೀರು ಬೀಳುತ್ತದೆ. ಮೊದಲ ಅರ್ಧ ನಿಮಿಷದ್ದು ಬಿಟ್ಟು, ತಿಳಿಯಾದ ಮೇಲೆ ಹಿಡಿಯಿರಿ.

ಮಳೆಗಾಲದ ಕೆಂಪು ನೀರು ಇವುಗಳ ಶತ್ರು. ಸಾವಿರ ಲೀಟರ್ ಬಾಳಿಕೆ ಎಂದು ಬಿಫ್ರೀಯ ಪೆಟ್ಟಿಗೆ ಹೇಳಿದರೂ ಮುರಮಣ್ಣಿನ ಕೆಸರಿಗೆ ಆ ಲೆಕ್ಕ ನಡೆಯುವುದಿಲ್ಲ. ನಯವಾದ ಜೇಡಿ ನೂಲಿನ ತೂತುಗಳನ್ನು ಮೆತ್ತಿಬಿಡುತ್ತದೆ. ಆಗ ಬಲವಾಗಿ ಹಿಂಡಿದರೆ ಮೊದಲು ಹೋಗುವುದು ಚೀಲದ ಅಂಚು. ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಹತ್ತು ನಿಮಿಷ ತಿಳಿಯಾಗಲು ಬಿಟ್ಟು, ಆಮೇಲೆ ತುಂಬಿಸಿ. ಮನೆಗೆ ಬಂದ ದಿನವೇ ಸಾಯರಿಗೆ ಸಿರಿಂಜಿನಲ್ಲಿ ಶುದ್ಧ ನೀರು ತುಂಬಿ ಕುಡಿಯುವ ತುದಿಯಿಂದ ಹಿಂದಕ್ಕೆ ಜೋರಾಗಿ ತಳ್ಳಬೇಕು. ಬಿಫ್ರೀಯನ್ನು ಅರ್ಧ ನೀರು ತುಂಬಿದ ಚೀಲದಲ್ಲಿ ಕುಲುಕಿ ಚೆಲ್ಲಿದರೆ ಸಾಕು. ಕೆಸರು ಒಣಗಿ ಗಟ್ಟಿಯಾದ ಮೇಲೆ ತೊಳೆಯುವುದು ಬರೀ ಕಸರತ್ತು.

ಕಲ್ಲಿಗೆ ಬಿದ್ದ ಫಿಲ್ಟರನ್ನು ನಂಬುವ ಮೊದಲು ಪೂರ್ತಿ ಒದ್ದೆ ಮಾಡಿ ಕುಡಿಯುವ ತುದಿಯಿಂದ ಊದಿ. ಒದ್ದೆ ನೂಲು ಬಾಯಿಯ ಗಾಳಿಯನ್ನು ದಾಟಗೊಡುವುದಿಲ್ಲ. ಗಾಳಿ ಸಲೀಸಾಗಿ ಹೋಯಿತೆಂದರೆ ಒಳಗೆ ನೂಲು ಹರಿದಿದೆ, ಎಸೆಯಿರಿ.

ಇನ್ನು ಇದು ಏನನ್ನು ತಡೆಯುವುದಿಲ್ಲ ಎಂಬ ವಿಚಾರ. ಭೇದಿಯ ಬ್ಯಾಕ್ಟೀರಿಯಾ, ಜಿಯಾರ್ಡಿಯಾ ನಿಲ್ಲುತ್ತವೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ 0.03 ಮೈಕ್ರಾನಿನಷ್ಟು ಸಣ್ಣದು, ದಾಟಿ ಹೋಗುತ್ತದೆ. ಇಲಿಜ್ವರದ ಲೆಪ್ಟೋಸ್ಪೈರಾ ಉದ್ದವಿದ್ದರೂ ದಪ್ಪ 0.1 ಮೈಕ್ರಾನಿನಷ್ಟೇ, ತಿರುಪಿನಂತೆ ಕೊರೆದು ನುಸುಳುವ ಜಾತಿ, ಹಾಗಾಗಿ ಫಿಲ್ಟರ್ ಒಂದನ್ನೇ ನಂಬಬಾರದು. ಮನೆಗಳ ಕೆಳಗಿನ ನೀರಾದರೆ ಸೋಸಿದ ಮೇಲೆ ಕ್ಲೋರಿನ್ ಮಾತ್ರೆ ಹಾಕಿ 30 ನಿಮಿಷ ಕಾಯಬೇಕು. ಸೋಸುವುದು ಮೊದಲು, ಮಾತ್ರೆ ಆಮೇಲೆ. ಕೆಸರು ಕ್ಲೋರಿನನ್ನು ತಿಂದುಹಾಕುತ್ತದೆ. ಎರಡು ಚೀಲ ಇದ್ದರೆ ಒಂದರಲ್ಲಿ ಮಾತ್ರೆ ಕೆಲಸ ಮಾಡುತ್ತಿರುವಾಗ ಇನ್ನೊಂದರದ್ದು ಕುಡಿಯುತ್ತಾ ಓಡಬಹುದು. ಇಲಿಜ್ವರ ಕಾಲಿನ ಗಾಯದಿಂದಲೂ ಒಳಗೆ ಬರುತ್ತದೆ, ತರಚಿದ ಕಾಲಲ್ಲಿ ತೋಟದ ಕಣಿಗೆ ಇಳಿಯಬೇಡಿ.

ಕರಗಿದ ವಿಷಕ್ಕಂತೂ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಮಳೆ ಹಿಡಿಯುವ ಮುಂಚೆ ಒಮ್ಮೆ, ಸುಮಾರು ನಲುವತ್ತು ದಿನ ಬಿಟ್ಟು ಮತ್ತೊಮ್ಮೆ ಅಡಿಕೆಗೆ ಮದ್ದು ಬಿಡುತ್ತಾರೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆ ತೋಟದ ಕೆಳಗಿನ ತೋಡಿನ ನೀರು ಎಷ್ಟು ತಿಳಿಯಾಗಿದ್ದರೂ ಬೇಡ. ಗೇರು ತೋಪುಗಳ ಮೇಲೆ 2000ನೇ ಇಸವಿಯವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ಇದು. ಅದರ ಪೆಟ್ಟು ತಿಂದ ಎಣ್ಮಕಜೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎಲ್ಲಿ ತುಂಬಿಸುವುದು? ಸರ್ವೆ ಆಫ್ ಇಂಡಿಯಾದ ನಕ್ಷೆಯಲ್ಲಿ ವರ್ಷವಿಡೀ ಹರಿಯುವ ತೋಡು ನೀಲಿ, ಒಣಗುವುದು ಕಪ್ಪು ಗೆರೆ. ಅದರ ಜೊತೆಗೆ ಏಪ್ರಿಲ್ ತಿಂಗಳ ಉಪಗ್ರಹ ಚಿತ್ರ ನೋಡಿ: ಒಣ ಗುಡ್ಡೆಯ ಮಡಿಲಲ್ಲಿ ಹಸಿರು ಅಡಿಕೆ ತೋಟ ಕಂಡರೆ ಅದರ ಮೇಲ್ಬದಿಯಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗವೋ ಕೆರೆಯೋ ಇರುವ ಸಾಧ್ಯತೆ ಹೆಚ್ಚು. ಬಾಯಾರು, ಪೈವಳಿಕೆ, ಶೇಣಿ ಕಡೆಯ ಸುರಂಗಗಳು ಈ ಭಾಗದ ಅತ್ಯುತ್ತಮ ನೀರು, ಮುರಕಲ್ಲಿನ ಒಳಗಿಂದ ಜಿನುಗಿ ಬರುವಂಥದ್ದು. ಆದರೆ ತೊಟ್ಟಿಯಿಂದ ಮೊಗೆಯಬೇಡಿ. ಕಪ್ಪೆ, ಎಲೆ, ದನದ ಬಾಯಿ ಎಲ್ಲ ಅಲ್ಲೇ. ಪೈಪೋ ದಂಬೆಯೋ ತೊಟ್ಟಿಗೆ ಬೀಳುವ ಜಾಗದಲ್ಲಿ ಹಿಡಿಯಿರಿ. ಸುರಂಗ ಮನೆಯವರ ಸೊತ್ತು. ಅಂಗಳದಿಂದಲೇ ‘ಅಣ್ಣಾ, ಒಂಚೂರು ನೀರು ಬೇಕಿತ್ತು’ ಅಂದರೆ ನೀರಿನ ಜೊತೆ ಬೆಲ್ಲವೂ ಬಂದೀತು. ಹೇಳದೆ ಕೇಳದೆ ನುಗ್ಗಿದರೆ ನಾಯಿ ಬರುತ್ತದೆ.

ಪಾದೆಯ ಮೇಲಿನ ಪಳ್ಳಗಳನ್ನು, ಅಂದರೆ ಬಂಡೆಯ ಮೇಲೆ ಮಳೆನೀರು ನಿಂತ ಹೊಂಡಗಳನ್ನು, ಲೆಕ್ಕಕ್ಕೇ ಹಿಡಿಯಬೇಡಿ. ಮಳೆ ನಿಂತ ಮೇಲೆ ಅದು ದನಗಳ ಪಾಲು, ಬಿಸಿಲಿಗೆ ಪಾಚಿ ಕಟ್ಟಿ ಫಿಲ್ಟರನ್ನೂ ಕೆಡಿಸುತ್ತದೆ. ಅಕ್ಟೋಬರಿನಿಂದ ಡಿಸೆಂಬರ್ ಈ ಬಾಟ್ಲಿಯ ಹಂಗಾಮು, ಒಂದು ಚೀಲ ಹಿಡಿದು ಹೊರಟರೂ ನಡೆಯುತ್ತದೆ. ಜನವರಿಯಲ್ಲಿ ಗುರುತು ಹಾಕಿದ ಎರಡು ಜಾಗಗಳಲ್ಲಿ ಒಂದು ಬತ್ತಿದೆ ಎಂದೇ ಎಣಿಸಿ, ಮುಂದಿನದಕ್ಕೆ ತಲುಪುವಷ್ಟು, ಅಂದರೆ ಗಂಟೆಗೆ ಅರ್ಧ ಲೀಟರಿಗಿಂತ ಕಡಿಮೆಯಾಗದಂತೆ, ಬೆನ್ನಿಗೆ ಹಾಕಿಕೊಳ್ಳಿ. ಮಾರ್ಚ್ ಆದ ಮೇಲೆ ಫಿಲ್ಟರ್ ಮನೆಯಲ್ಲೇ ಇರಲಿ, ಆ ಜಾಗಕ್ಕೆ ಬಾವಿ ನೀರು ಎರಡು ಲೀಟರ್.