ತುಮಕೂರು ಸ್ಟೇಡಿಯಂನ ಸಂಜೆ ಸ್ಪ್ರಿಂಟ್ ಬ್ಯಾಚ್: ಮೆನ್ನೆಯಾ ಓಟ ತೋರಿಸಿ ಕಲಿಸುವ ಕೋಚ್

ತುಮಕೂರಿನಲ್ಲಿ ಮಕ್ಕಳಿಗೆ ಸರಿಯಾಗಿ ಓಟ ಕಲಿಸುವವರು ಯಾರಾದರೂ ಇದ್ದಾರಾ ಅಂತ ಹುಡುಕುತ್ತಿರುವ ಅಪ್ಪ ಅಮ್ಮಂದಿರಿಗೆ ಇದು. ನನ್ನ ಮಗಳು ಒಂಬತ್ತನೇ ಕ್ಲಾಸು. ಮಹಾತ್ಮ ಗಾಂಧಿ ಸ್ಟೇಡಿಯಂನಲ್ಲಿ ಸಂಜೆ ಹೊತ್ತು ಒಬ್ಬ ಕೋಚ್ ನಡೆಸುವ ಸ್ಪ್ರಿಂಟ್ ಬ್ಯಾಚ್‌ಗೆ ಹೋಗುತ್ತಾಳೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ವರ್ಷದ ತಾಲ್ಲೂಕು ಕ್ರೀಡಾಕೂಟದಲ್ಲೇ ಮೆಡಲ್ ಬರಬೇಕು ಅನ್ನುವವರಿಗೆ ಈ ಬ್ಯಾಚ್ ಸರಿಹೋಗಲ್ಲ. ನಾಲ್ಕೈದು ವರ್ಷ ಕಾಯುವ ಮನಸ್ಸಿದ್ದರೆ ಕಣ್ಣು ಮುಚ್ಚಿಕೊಂಡು ಸೇರಿಸಿ.

ಇದಕ್ಕೆ ಮುಂಚೆ ಅವಳನ್ನು ಬೇರೆ ಕಡೆ ಕಳಿಸುತ್ತಿದ್ದೆವು. ಅಲ್ಲಿ ದಿನಾ 100 ಮೀಟರ್ ಓಡಿಸುವುದು, ಸ್ಟಾಪ್‌ವಾಚ್ ನೋಡಿ ಬೈಯುವುದು, ಅಷ್ಟೇ. ಮೊಣಕಾಲಿನ ಕೆಳಗೆ ಮೂಳೆ ನೋಯಲು ಶುರುವಾದ ಮೇಲೂ ಓಡು ಅಂದರು. ಬಿಡಿಸಿದೆವು.

ಈ ಕೋಚ್‌ಗೆ 200 ಮೀಟರ್ ಅಂದರೆ ಪ್ರಾಣ. ಅದರಲ್ಲೂ ಇಟಲಿಯ ಓಟಗಾರ ಪಿಯೆಟ್ರೊ ಮೆನ್ನೆಯಾ ಅಂದರೆ ಮುಗೀತು! ಹೊಸದಾಗಿ ಸೇರಿದ ಮಕ್ಕಳನ್ನು ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಫೋನಿನಲ್ಲಿ ಮೊದಲು ತೋರಿಸುವುದೇ 1980ರ ಮಾಸ್ಕೋ ಒಲಿಂಪಿಕ್ಸ್ ಫೈನಲ್. ನಾನೂ ಹಿಂದೆ ನಿಂತು ನೋಡಿದೆ. ಮೆನ್ನೆಯಾಗೆ ಸಿಕ್ಕಿದ್ದು ಎಂಟನೇ ಲೇನ್. ಪಕ್ಕದ ಏಳರಲ್ಲಿ ಬ್ರಿಟನ್ನಿನ ಅಲನ್ ವೆಲ್ಸ್, ಅದೇ ಒಲಿಂಪಿಕ್ಸ್‌ನ 100 ಮೀಟರ್ ಚಿನ್ನ ಗೆದ್ದಿದ್ದವನು. ಮೆನ್ನೆಯಾ ಆ 100 ಮೀಟರಿನಲ್ಲಿ ಫೈನಲ್‌ಗೂ ಬಂದಿರಲಿಲ್ಲ. 200 ಮೀಟರಿನಲ್ಲಿ ಎಂಟನೇ ಲೇನಿನವರು ಒಂದನೇ ಲೇನಿಗಿಂತ ಸುಮಾರು 26 ಮೀಟರ್ ಮುಂದಿನಿಂದ ಓಡಲು ಶುರು ಮಾಡುತ್ತಾರೆ, ಹೊರಗಿನ ಲೇನಿನ ಕರ್ವ್, ಅಂದರೆ ತಿರುವು, ಉದ್ದ ಇರುವುದರಿಂದ ಅದು ಲಾಭವೇನೂ ಅಲ್ಲ, ಆದರೆ ಕಣ್ಣೆದುರಿಗೆ ಒಬ್ಬರೂ ಇರಲ್ಲ, ಯಾರನ್ನು ಹಿಡಿಯಬೇಕು ಅನ್ನೋದೇ ಗೊತ್ತಾಗಲ್ಲ. ವೆಲ್ಸ್ ಕರ್ವ್‌ನಲ್ಲೇ ದಾಟಿಬಿಟ್ಟ. ನೇರ ಟ್ರ್ಯಾಕಿಗೆ ಬರುವಾಗ ಮೆನ್ನೆಯಾ ಹಿಂದೆ ಬಿದ್ದಿದ್ದ.

ಕೋಚ್ ಅಲ್ಲಿ ವಿಡಿಯೋ ನಿಲ್ಲಿಸಿದರು. "ಈಗ ನೀವಾಗಿದ್ದರೆ ಏನು ಮಾಡ್ತಿದ್ರಿ?" ಮಕ್ಕಳೆಲ್ಲ ಒಟ್ಟಿಗೆ, "ಇನ್ನೂ ಜೋರಾಗಿ ಓಡ್ತಿದ್ವಿ ಸರ್!" ಕೋಚ್ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಕೊನೆಯ 50 ಮೀಟರಿನಲ್ಲಿ ಯಾರ ವೇಗವೂ ಏರಲ್ಲ, ಎಲ್ಲರದೂ ಇಳಿಯುತ್ತೆ, ಕಡಿಮೆ ಇಳಿದವನು ಗೆಲ್ಲುತ್ತಾನೆ ಅಂದರು. ಆಮೇಲೆ ಪ್ಲೇ ಒತ್ತಿದರು. ಮೆನ್ನೆಯಾ 20.19, ವೆಲ್ಸ್ 20.21. ಆ ವೇಗದಲ್ಲಿ 0.02 ಸೆಕೆಂಡ್ ಅಂದರೆ ಒಂದು ಗೇಣು ದೂರ, ಅಷ್ಟೇ.

ಆ ಒಂದು ಗೇಣಿನ ಲೆಕ್ಕ ಇಟ್ಟುಕೊಂಡೇ ಇವರು ಕರ್ವ್ ಕಲಿಸುತ್ತಾರೆ. ಲೇನಿನ ಒಳಗೆರೆಯ ಪಕ್ಕ ಸ್ವಲ್ಪ ಜಾಗ ಬಿಟ್ಟು ಉದ್ದಕ್ಕೂ ಸಣ್ಣ ಕೋನ್ ಇಡುತ್ತಾರೆ. ಗೆರೆಗೂ ಕೋನಿಗೂ ನಡುವೆ ಓಡಬೇಕು. ಗೆರೆ ತುಳಿಯುವ ಹಾಗಿಲ್ಲ, ಕೋನ್ ಬೀಳಿಸುವ ಹಾಗಿಲ್ಲ. ನನ್ನ ಮಗಳು ಮೊದಲು ವೇಗ ಬಂದ ಕೂಡಲೇ ಹೊರಗೆ ಸರಿದುಬಿಡುತ್ತಿದ್ದಳು, ಕೋನ್‌ಗಳೆಲ್ಲ ಚೆಲ್ಲಾಪಿಲ್ಲಿ. ಒಂದಡಿ ಹೊರಗೆ ಸರಿದು ಇಡೀ ಕರ್ವ್ ಓಡಿದರೆ ಹೆಚ್ಚುಕಡಿಮೆ ಒಂದು ಮೀಟರ್ ಜಾಸ್ತಿ ಓಡಿದ ಹಾಗೆ. ಒಂದು ಗೇಣಿಗೆ ಒಲಿಂಪಿಕ್ಸ್ ಚಿನ್ನ ಹೋಗುತ್ತೆ ಅಂದಮೇಲೆ ಒಂದು ಮೀಟರ್ ಎಷ್ಟು ದೊಡ್ಡದು ಅಲ್ವಾ? ಸೊಂಟ ಬಗ್ಗಿಸದೆ ಪಾದದ ಗಂಟಿನಿಂದಲೇ ಇಡೀ ಮೈಯನ್ನು ಎಡಕ್ಕೆ ವಾಲಿಸಬೇಕು, ಬಲಗೈ ಸ್ವಲ್ಪ ಎದೆಗೆ ಅಡ್ಡ ಬರಬೇಕು, ಇದನ್ನು ಮೊದಲು ನಡೆಸಿ, ಆಮೇಲೆ ಮೆಲ್ಲಗೆ ಓಡಿಸಿ, ಕೊನೆಗೆ ಪೂರ್ತಿ ವೇಗದಲ್ಲಿ ಮಾಡಿಸುತ್ತಾರೆ. ಈಗ ಅವಳು ಕರ್ವ್ ಓಡುವುದನ್ನು ನೋಡೋದೇ ಒಂದು ಖುಷಿ.

ಸೋತು ಬಂದ ಮಕ್ಕಳಿಗೆ ಹೇಳುವುದೂ ಮೆನ್ನೆಯಾ ಕಥೆಯೇ. ದಕ್ಷಿಣ ಇಟಲಿಯ ಬಾರ್ಲೆಟ್ಟಾ ಅನ್ನುವ ಊರಿನವನು. 1972ರ ಮ್ಯೂನಿಕ್‌ನಲ್ಲಿ 20ನೇ ವಯಸ್ಸಿಗೇ 200 ಮೀಟರ್ ಕಂಚು. ಇನ್ನೇನು ಮುಂದಿನದು ಚಿನ್ನವೇ ಅಂದುಕೊಂಡರೆ 1976ರ ಮಾಂಟ್ರಿಯಲ್‌ನಲ್ಲಿ ನಾಲ್ಕನೇ ಸ್ಥಾನ. ಚಿನ್ನ ಗೆದ್ದದ್ದು ಜಮೈಕಾದ ಡಾನ್ ಕ್ವಾರಿ. ಮತ್ತೆ ನಾಲ್ಕು ವರ್ಷ ಕಾರ್ಲೋ ವಿಟ್ಟೋರಿ ಅನ್ನುವ ಕೋಚ್ ಕೈಕೆಳಗೆ ಬೆವರು ಸುರಿಸಿ ಮಾಸ್ಕೋಗೆ ಬಂದಾಗ ವಯಸ್ಸು 28. ಅಲ್ಲಿ ಅದೇ ಕ್ವಾರಿ ಮೂರನೆಯವನು. 1984ರ ಲಾಸ್ ಏಂಜಲೀಸ್‌ನಲ್ಲೂ ಫೈನಲ್ ಓಡಿದ, ಅಂದರೆ ಸಾಲಾಗಿ ನಾಲ್ಕು ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫೈನಲ್. ಹೋಬಳಿ ಮಟ್ಟದಲ್ಲಿ ನಾಲ್ಕನೇ ಸ್ಥಾನ ಬಂದು ಅಳುತ್ತಾ ಕೂತ ಹುಡುಗನಿಗೆ ಮಾಂಟ್ರಿಯಲ್ ಕಥೆ ಹೇಳುವ ಕೋಚ್ ಎಲ್ಲಿ ಸಿಗುತ್ತಾರೆ ಹೇಳಿ! ನಮ್ಮ ಕಡೆ ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಪ್ರತಿವರ್ಷ ಮಕ್ಕಳನ್ನು ಜರಡಿ ಹಿಡಿದು ಬಿಡುತ್ತೇವೆ, ಬಿದ್ದುಹೋದವರ ಕಡೆ ಯಾರೂ ತಿರುಗಿ ನೋಡಲ್ಲ, ಅವರಲ್ಲಿ ಎಷ್ಟೋ ಮಕ್ಕಳು ಕಾಲೇಜಿಗೆ ಬರುವ ಹೊತ್ತಿಗೆ ಒಳ್ಳೆ ಓಟಗಾರರಾಗಬಹುದಿತ್ತು. ಇದು ನನಗೆ ನಿಜವಾಗಲೂ ಹೊಟ್ಟೆ ಉರಿಯುವ ವಿಷಯ.

ವಿಶ್ವದಾಖಲೆಯ ಮಾತೂ ಬರುತ್ತೆ. 1979ರ ಸೆಪ್ಟೆಂಬರ್ 12ರಂದು ಮೆಕ್ಸಿಕೋ ಸಿಟಿಯಲ್ಲಿ, ವಿಶ್ವ ವಿದ್ಯಾರ್ಥಿ ಕ್ರೀಡಾಕೂಟದಲ್ಲಿ 19.72 ಸೆಕೆಂಡ್. 1996ರಲ್ಲಿ ಮೈಕೆಲ್ ಜಾನ್ಸನ್ 19.66 ಓಡುವ ತನಕ ಅದನ್ನು ಯಾರಿಗೂ ಮುರಿಯಲು ಆಗಲಿಲ್ಲ. ಮೆಕ್ಸಿಕೋ ಸಿಟಿ 2,240 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಸ್ಪ್ರಿಂಟರ್‌ಗಳಿಗೆ ಅನುಕೂಲ ನಿಜ. ಆದರೆ ಮರುವರ್ಷ ಸಮುದ್ರದ ದಡದಲ್ಲಿರುವ ತನ್ನ ಬಾರ್ಲೆಟ್ಟಾದಲ್ಲೇ 19.96 ಓಡಿ ತೋರಿಸಿದ. ತುಮಕೂರಿನಂಥ ಊರಿನ ಮಕ್ಕಳಿಗೆ ಮೆಕ್ಸಿಕೋಗಿಂತ ಈ ಎರಡನೇ ಓಟವೇ ಜಾಸ್ತಿ ಹೇಳಬೇಕು ಅಂತ ನನಗೆ ಅನಿಸುತ್ತೆ, ಕೋಚ್‌ಗೂ ಹೇಳಿದ್ದೇನೆ. ತನ್ನ ಊರಿನ ಟ್ರ್ಯಾಕ್, ತನ್ನ ಜನ. ಮೆನ್ನೆಯಾ ಓಟದ ಜೊತೆಗೆ ಓದನ್ನೂ ಬಿಡಲಿಲ್ಲ, ಮುಂದೆ ವಕೀಲನಾದ, ಯುರೋಪಿಯನ್ ಪಾರ್ಲಿಮೆಂಟ್ ಸದಸ್ಯನೂ ಆದ. ಹತ್ತನೇ ಕ್ಲಾಸು ಬಂತು, ಗ್ರೌಂಡು ಬಿಡಿಸಿ ಅನ್ನುವ ನೆಂಟರಿಗೆ ಇದನ್ನೇ ಹೇಳುತ್ತೇನೆ.

ಹುಡುಗರಿಗೆ ಮೆನ್ನೆಯಾಗಿಂತ ಇಟಲಿಯವನೇ ಆದ ಮಾರ್ಸೆಲ್ ಜೇಕಬ್ಸ್ ಇಷ್ಟ. ಸಹಜವೇ. ಲಾಂಗ್ ಜಂಪ್‌ನಿಂದ ಸ್ಪ್ರಿಂಟಿಗೆ ಬಂದು ಟೋಕಿಯೋದಲ್ಲಿ 9.80ಕ್ಕೆ 100 ಮೀಟರ್ ಚಿನ್ನ ಗೆದ್ದ. ಆ ಒಲಿಂಪಿಕ್ಸ್‌ನ 4x100 ಮೀಟರ್ ರಿಲೇಯಲ್ಲಿ ಇಟಲಿ 37.50, ಬ್ರಿಟನ್ 37.51. ರಿಲೇಯ ಮೂರನೇ ಓಟ ಪೂರ್ತಿ ಕರ್ವ್, ಅದನ್ನು ಓಡಿದ್ದು 200 ಮೀಟರಿನ ಫೌಸ್ಟೊ ದೇಸಾಲು. ಕೋಚ್ ಆ ಓಟವನ್ನೂ ಬಿಡದೆ ತೋರಿಸಿ ಮತ್ತೆ ಕರ್ವ್‌ಗೇ ಬರುತ್ತಾರೆ!

ಕೊರತೆಗಳೂ ಇವೆ. ಒಬ್ಬರೇ ಕೋಚ್, ಮಕ್ಕಳು ಜಾಸ್ತಿ. ಬ್ಲಾಕ್‌ಗಳು (ಓಟ ಶುರುವಿಗೆ ಕಾಲು ಒತ್ತಿ ನಿಲ್ಲುವ ಸ್ಟ್ಯಾಂಡ್) ಸಾಲಲ್ಲ, ಸ್ಟಾರ್ಟ್ ಪ್ರಾಕ್ಟೀಸ್ ದಿನ ಮಕ್ಕಳು ಸರದಿಯಲ್ಲಿ ನಿಂತು ಮೈ ತಣ್ಣಗಾಗುತ್ತೆ, ಸ್ಪ್ರಿಂಟ್‌ನಲ್ಲಿ ಅದು ಒಳ್ಳೆಯದಲ್ಲ, ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳಬಹುದು. 100 ಮೀಟರೇ ಮುಖ್ಯ ಅನ್ನುವ ಮಕ್ಕಳಿಗೆ ಇಲ್ಲಿ ಸ್ಟಾರ್ಟ್ ಕಡಿಮೆ ಸಿಗುತ್ತೆ ಅನ್ನಬೇಕು. ಸಮಯ ಬದಲಾದರೆ ಮೆಸೇಜ್ ಬರುವುದು ಕೊನೇ ಗಳಿಗೆಯಲ್ಲಿ, ಕ್ಯಾತ್ಸಂದ್ರದ ಕಡೆಯಿಂದ ಬಸ್ಸಿಗೆ ಬರುವ ಮಕ್ಕಳಿಗೆ ಇದು ದೊಡ್ಡ ತೊಂದರೆ. ಎಷ್ಟು ಸಲ ಹೇಳಿದರೂ ಸರಿಹೋಗಿಲ್ಲ. ಫೀಸು ಮಾತ್ರ ಒಂದು ಸಬ್ಜೆಕ್ಟಿನ ಟ್ಯೂಷನ್‌ಗಿಂತ ಕಡಿಮೆ, ಕಷ್ಟ ಇರುವವರಿಗೆ ಇನ್ನೂ ಬಿಡುತ್ತಾರೆ.

ಸೇರಿಸುವವರು ಸ್ಪೈಕ್ಸ್ (ಅಡಿಯಲ್ಲಿ ಪಿನ್ ಇರುವ ಓಟದ ಶೂ) ಮೊದಲೇ ಕೊಂಡುಬಿಡಬೇಡಿ. ಶುರುವಿನಲ್ಲಿ ಮಾಮೂಲಿ ರನ್ನಿಂಗ್ ಶೂನಲ್ಲೇ ಓಡಿಸುತ್ತಾರೆ. ಆಮೇಲೆ ಕೊಂಡರೂ ಸಿಂಥೆಟಿಕ್ ಟ್ರ್ಯಾಕಿಗೆ 6 ಮಿಲಿಮೀಟರ್ ಪಿನ್ ಸಾಕು, ಮಣ್ಣಿನ ಟ್ರ್ಯಾಕಿನ ಉದ್ದ ಪಿನ್ ಕೊಟ್ಟರೆ ವಾಪಸ್ ಮಾಡಿ. ಸೇರಿಸುವ ಮೊದಲು ಒಂದು ಸಂಜೆ ಹೋಗಿ ಸ್ಟ್ಯಾಂಡಿನಲ್ಲಿ ಕೂತು ನೋಡಿ, ಕರ್ವ್ ಪ್ರಾಕ್ಟೀಸ್ ಇರುವ ದಿನವಾದರೆ ಒಳ್ಳೆಯದು. ಯಾವ ದಿನ ಅಂತ ಅವರನ್ನೇ ಕೇಳಿಕೊಂಡು ಹೋಗಿ, ವಾರವಾರವೂ ಬದಲಾಗುತ್ತೆ.